ಕಮಾಂಡ್ ಟೂಲ್‌ನ ಒಳಗೇ ಹೆಲ್ಪ್ ಬರೆಯುವುದು: ಸಿಕ್ಕಿಹಾಕಿಕೊಂಡವರಿಗೆ ಬೇಕಾದ ನಾಲ್ಕು ಸಾಲು

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ನಮ್ಮೂರಿನ ಹಾಲಿನ ಸಂಘಕ್ಕೆ ನಮ್ಮಪ್ಪ ಕಾರ್ಯದರ್ಶಿ. ಅವರಿಗೋಸ್ಕರ ಪೈಥಾನ್‌ನಲ್ಲಿ ‘ಹಾಲು’ ಅಂತ ಒಂದು ಚಿಕ್ಕ ಕಮಾಂಡ್ ಟೂಲ್ ಬರೆದಿದ್ದೇನೆ. ದಿನದ ಲೆಕ್ಕದ ಫೈಲ್ ಒಳಗೆ ತೆಗೆದುಕೊಳ್ಳುವುದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ನೋಡಿ ದರ ಹಾಕುವುದು, ಬಟವಾಡೆ ಪಟ್ಟಿ ತೆಗೆಯುವುದು, ಹೀಗೆ ಒಂದೊಂದು ಕೆಲಸಕ್ಕೆ ಒಂದರಂತೆ 11 ಸಬ್‌ಕಮಾಂಡ್ ಇವೆ. ‘ಹಾಲು ಶೆಲ್’ ಅಂತ ಕೊಟ್ಟರೆ ಒಳಗೇ ಕೂತು ಒಂದೊಂದೇ ಕಮಾಂಡ್ ಕೊಡಬಹುದು. ಈಗ ಪಕ್ಕದ ಎರಡು ಊರಿನ ಸಂಘದವರೂ ಬಳಸುತ್ತಿದ್ದಾರೆ. ದಿನಕ್ಕೆ ಮೂರು ನಾಲ್ಕು ಫೋನ್ ಬರುತ್ತವೆ. ಹೇಗೆ ಬಳಸಬೇಕು ಅಂತ ಇಪ್ಪತ್ತು ಪುಟದ ರೀಡ್‌ಮಿ ಬರೆದು ಕೊಟ್ಟೆ, ಯಾರೂ ತೆರೆದ ಹಾಗಿಲ್ಲ. ಟೂಲ್ ಒಳಗೇ ಹೆಲ್ಪ್ ಹಾಕಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ? ಕನ್ನಡದಲ್ಲೇ ಬರೆದರೆ ನಡೆಯುತ್ತಾ? ಎಲ್ಲರದ್ದೂ ವಿಂಡೋಸ್ ಲ್ಯಾಪ್‌ಟಾಪ್.

ಉತ್ತರ: ನಮಸ್ಕಾರ. ಮೊದಲೇ ಒಂದು ಮಾತು: ಕಮಾಂಡ್, ಆಪ್ಷನ್ ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಟೂಲ್‌ನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಕೋಡ್ ಮುಟ್ಟುವ ಮೊದಲು ಒಂದು ವಾರ ಬರುವ ಫೋನ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಅವರು ಹೇಳಿದ ಮಾತಿನಲ್ಲೇ ಬರೆಯಿರಿ, ನಿಮ್ಮ ಭಾಷೆಗೆ ತಿರುಗಿಸಬೇಡಿ. ‘ಹೋದ ತಿಂಗಳದ್ದು ಹೆಂಗ್ ತೆಗೀಲಿ’, ‘ಏನೋ ಕೆಂಪಗೆ ಬಂತು’, ‘ಒಬ್ಬರದ್ದೇ ಬೇಕು, ಎಲ್ಲರದ್ದೂ ಬರ್ತಿದೆ’. ಹೆಲ್ಪ್‌ನಲ್ಲಿ ಏನಿರಬೇಕು ಅನ್ನುವುದು ನಿಮಗೆ ಆ ಹಾಳೆಯಲ್ಲೇ ಸಿಗುತ್ತದೆ. ಬರೆದವರಿಗೆ ಟೂಲ್ ಏನೇನು ಮಾಡುತ್ತದೆ ಅಂತ ಗೊತ್ತು. ಬಳಸುವವರಿಗೆ ಗೊತ್ತಿರುವುದು ಅವರಿಗೆ ಈಗ ಏನು ಬೇಕು ಅನ್ನುವುದು ಮಾತ್ರ. ಹೆಲ್ಪ್ ಕೆಡುವುದು ಹೆಚ್ಚಾಗಿ ಇಲ್ಲೇ.

ನಿಮ್ಮ ರೀಡ್‌ಮಿಯನ್ನು ಯಾರೂ ತೆರೆಯಲಿಲ್ಲ ಅಂದಿರಿ. ಅದು ಅವರ ಸೋಮಾರಿತನ ಅಲ್ಲ. ಹೆಲ್ಪ್ ಅನ್ನು ಯಾರೂ ಬಿಡುವಿನಲ್ಲಿ ಕೂತು ಓದುವುದಿಲ್ಲ. ನಾಳೆ ಬಟವಾಡೆ, ಹೊರಗೆ ಯಾರೋ ಕಾಯುತ್ತಿದ್ದಾರೆ, ಪರದೆ ಮೇಲೆ ಏನೋ ತಪ್ಪು ಅಂತ ಬಂದಿದೆ: ಆಗ ಓದುತ್ತಾರೆ. ಆ ಹೊತ್ತಿಗೆ ಅವರ ಕಣ್ಣು ಇರುವುದು ಆ ಕಪ್ಪು ಪರದೆ ಮೇಲೆ. ಇನ್ನೊಂದು ಫೋಲ್ಡರ್‌ನಲ್ಲಿರುವ ಇಪ್ಪತ್ತು ಪುಟ ಅವರ ಪಾಲಿಗೆ ಇಲ್ಲದ ಹಾಗೆಯೇ. ಹಾಗಾಗಿ ಟೂಲ್ ಒಳಗೇ ಹಾಕಬೇಕು ಅನ್ನುವ ನಿಮ್ಮ ಯೋಚನೆ ಸರಿಯಾಗಿದೆ. ಸಿಕ್ಕಿಹಾಕಿಕೊಂಡವರು ಅದನ್ನು ಓದುತ್ತಾರೆ, ಸಿಕ್ಕಿಹಾಕಿಕೊಂಡ ಜಾಗದಲ್ಲೇ ಓದುತ್ತಾರೆ ಅನ್ನುವುದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಿಕ್ಕ ತೀರ್ಮಾನಗಳು ಹೆಚ್ಚು ಕಡಿಮೆ ತಾವೇ ಆಗುತ್ತವೆ.

ಆದ್ದರಿಂದ ಶುರು ಮಾಡಬೇಕಾದ್ದು ಕಮಾಂಡ್ ಜೊತೆ --ಹೆಲ್ಪ್ ಅಂತ ಹೊಡೆದಾಗ ಬರುವ ಪುಟದಿಂದ ಅಲ್ಲ, ಎರರ್ ಸಂದೇಶದಿಂದ. ಜನ ಎಲ್ಲಕ್ಕಿಂತ ಜಾಸ್ತಿ ಓದುವ ಹೆಲ್ಪ್ ಅಂದರೆ ಅದೇ. ನೀವು ಪೈಥಾನ್ ಅಂದಿರಿ, ಹಾಗಾದರೆ ಹೊಡೆದ ಕಮಾಂಡನ್ನು ಓದಿ ಬಿಡಿಸಿಕೊಡುವ ಆರ್ಗ್‌ಪಾರ್ಸ್ ಮಾಡ್ಯೂಲ್ ಬಳಸುತ್ತಿರಬೇಕು ಅಂದುಕೊಳ್ಳುತ್ತೇನೆ. ಪೈಥಾನ್ 2.7 ಮತ್ತು 3.2ರಿಂದ ಅದು ಪೈಥಾನ್ ಜೊತೆಗೇ ಬರುತ್ತದೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಅದರಲ್ಲಿ ತಿಂಗಳನ್ನು ಓದುವುದಕ್ಕೆ ನೀವು ಒಂದು ಫಂಕ್ಷನ್ ಬರೆದು ಟೈಪ್ ಅಂತ ಕೊಟ್ಟಿರುತ್ತೀರಿ. ಅಪ್ಪ 06/2025 ಅಂತ ಹೊಡೆದಾಗ ಆ ಫಂಕ್ಷನ್ ಸುಮ್ನೆ ವ್ಯಾಲ್ಯೂ ಎರರ್ ಎಸೆದರೆ ಪರದೆ ಮೇಲೆ ಬರುವುದು ಇಂಗ್ಲಿಷ್‌ನಲ್ಲಿ ಒಂದು ಸಾಲು: ನಿಮ್ಮ ಫಂಕ್ಷನ್ನಿನ ಹೆಸರು, ಅದರ ಹಿಂದೆ ‘ಇನ್‌ವ್ಯಾಲಿಡ್’, ಮುಂದೆ ಅವರು ಹೊಡೆದದ್ದು. ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಅದೇ ಫಂಕ್ಷನ್ ಆರ್ಗ್‌ಪಾರ್ಸ್‌ನದೇ ಆದ ಆರ್ಗ್ಯುಮೆಂಟ್‌ಟೈಪ್‌ಎರರ್ ಎಸೆದರೆ ನೀವು ಬರೆದ ಮಾತೇ ಬರುತ್ತದೆ: ‘ತಿಂಗಳನ್ನು 2025-06 ಹೀಗೆ ಬರೆಯಿರಿ. ನೀವು ಬರೆದದ್ದು 06/2025.’ ಏನು ತಪ್ಪಾಯಿತು, ಸರಿ ಯಾವುದು, ಎರಡೂ ಒಂದೇ ಉಸಿರಿನಲ್ಲಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 06/2025 ಅಂದರೆ ಏನು ಅಂತ ಟೂಲ್‌ಗೆ ಗೊತ್ತಾಗುವುದಾದರೆ ಅದನ್ನೂ ಒಪ್ಪಿಕೊಳ್ಳಲಿ ಬಿಡಿ, ಆಗ ಆ ಎರರ್ರೇ ಇಲ್ಲ.

ಸಬ್‌ಕಮಾಂಡ್ ಹೆಸರು ತಪ್ಪಿದಾಗಲೂ ಹೀಗೇ. ಆರ್ಗ್‌ಪಾರ್ಸ್ ಆಗ 11 ಹೆಸರನ್ನೂ ಸಾಲಾಗಿ ಹೇಳಿ ಇದರಲ್ಲಿ ಒಂದನ್ನು ಆರಿಸಿ ಅನ್ನುತ್ತದೆ. ‘ಬಟವಡೆ’ ಅಂತ ಹೊಡೆದವರಿಗೆ ‘ಬಟವಾಡೆ ಅಂತ ಬೇಕಿತ್ತಾ?’ ಅನ್ನುವುದೇ ಸಾಕು. 2025ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.14ರಲ್ಲಿ ಇದಕ್ಕೆ ಸಜೆಸ್ಟ್-ಆನ್-ಎರರ್ ಅಂತ ಒಂದು ಸೌಲಭ್ಯ ಇದೆ, ಟ್ರೂ ಅಂತ ಕೊಟ್ಟರೆ ಆಯಿತು. ಹಳೆಯ ಪೈಥಾನ್ ಆದರೆ ಅದರ ಜೊತೆಗೇ ಬರುವ ಡಿಫ್‌ಲಿಬ್ ಮಾಡ್ಯೂಲ್‌ನಲ್ಲಿ ಹತ್ತಿರದ ಪದ ಹುಡುಕಿ ಕೊಡುವ ಫಂಕ್ಷನ್ ಇದೆ, ಐದಾರು ಸಾಲಿನ ಕೆಲಸ. ಆದರೆ ಕೇಳಿ ನಿಲ್ಲಿಸಬೇಕು, ತಾನೇ ಊಹಿಸಿ ನಡೆಸಿಬಿಡಬಾರದು. ಲೆಕ್ಕದ ವಿಷಯ, ದುಡ್ಡಿನ ವಿಷಯ.

ಇನ್ನು --ಹೆಲ್ಪ್. ಆರ್ಗ್‌ಪಾರ್ಸ್ ಇದನ್ನು ತಾನೇ ಕೊಡುತ್ತದೆ, ಕೇಳದೇ ಇದ್ದರೂ. ಅದಕ್ಕೇ ಎಷ್ಟೋ ಜನ ನಮ್ಮ ಟೂಲ್‌ನಲ್ಲಿ ಹೆಲ್ಪ್ ಇದೆ ಅಂದುಕೊಂಡು ಸುಮ್ಮನಾಗುತ್ತಾರೆ. ಅದು ಕೊಡುವುದು ಆಪ್ಷನ್‌ಗಳ ಹೆಸರಿನ ಪಟ್ಟಿ ಮಾತ್ರ. ‘--ತಿಂಗಳು: ತಿಂಗಳು’ ಅಂತ ಬರೆದರೆ ಯಾರಿಗೆ ಏನು ತಿಳಿದ ಹಾಗಾಯಿತು? ಒಂದೊಂದು ಆಪ್ಷನ್‌ಗೂ ಮೂರು ವಿಷಯ ಬೇಕು: ಏನು ಕೊಡಬೇಕು, ಯಾವ ರೂಪದಲ್ಲಿ ಕೊಡಬೇಕು, ಕೊಡದಿದ್ದರೆ ಏನಾಗುತ್ತದೆ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ, ಫೋನ್ ಬರುವುದು ಜಾಸ್ತಿ ಅದಕ್ಕೇ. ನಿಮ್ಮ ಬಟವಾಡೆಯ ಹೆಲ್ಪ್ ನಾನಾದರೆ ಹೀಗೆ ಬರೆಯುತ್ತಿದ್ದೆ (ಒಳಗಿನ ವಿವರ ನನ್ನ ಊಹೆ, ನಿಮ್ಮದಕ್ಕೆ ಹೊಂದಿಸಿಕೊಳ್ಳಿ):

ಹಾಲು ಬಟವಾಡೆ
ಒಂದು ತಿಂಗಳ ಬಟವಾಡೆ ಪಟ್ಟಿ ತಯಾರಿಸುತ್ತದೆ. ಪಟ್ಟಿ ಮಾತ್ರ, ಯಾರ ಖಾತೆಗೂ ಹಣ ಹಾಕುವುದಿಲ್ಲ.

ಹೀಗೆ ಬಳಸಿ:
ಹಾಲು ಬಟವಾಡೆ --ತಿಂಗಳು 2025-06
ಹಾಲು ಬಟವಾಡೆ --ತಿಂಗಳು 2025-06 --ಸದಸ್ಯ 112

--ತಿಂಗಳು: ಯಾವ ತಿಂಗಳದ್ದು. ಮೊದಲು ವರ್ಷ, ಆಮೇಲೆ ತಿಂಗಳು. ಕೊಡದಿದ್ದರೆ ಹೋದ ತಿಂಗಳದ್ದು.
--ಸದಸ್ಯ: ಒಬ್ಬರದ್ದೇ ಬೇಕಾದರೆ ಅವರ ಸದಸ್ಯ ಸಂಖ್ಯೆ. ಹೆಸರಲ್ಲ. ಕೊಡದಿದ್ದರೆ ಎಲ್ಲರದ್ದೂ.
--ಮತ್ತೆ: ಆ ತಿಂಗಳ ಪಟ್ಟಿ ಆಗಲೇ ಇದ್ದರೆ ಅದನ್ನು ಅಳಿಸಿ ಹೊಸದು ಬರೆಯುತ್ತದೆ. ಹಳೆಯದು ಮತ್ತೆ ಸಿಗುವುದಿಲ್ಲ.

ಗೊತ್ತಿರುವ ಕೊರತೆ: ತಿಂಗಳ ನಡುವೆ ದರ ಬದಲಾದರೆ ಈ ಲೆಕ್ಕ ಸರಿ ಬರುವುದಿಲ್ಲ. ಮೊದಲು ‘ಹಾಲು ದರ’ ಕೊಟ್ಟು ತಾರೀಖು ಹಾಕಿ.

ಎರಡನೇ ಸಾಲು ನೋಡಿ. ‘ಯಾರ ಖಾತೆಗೂ ಹಣ ಹಾಕುವುದಿಲ್ಲ’. ಟೂಲ್ ಏನು ಮಾಡುತ್ತದೆ ಅನ್ನುವುದರ ಜೊತೆಗೆ ಏನು ಮಾಡುವುದಿಲ್ಲ ಅನ್ನುವುದನ್ನೂ ಹೇಳಿದರೆ ಜನ ಹೆದರದೆ ಎಂಟರ್ ಒತ್ತುತ್ತಾರೆ. ನಿಮ್ಮ ಫೋನ್‌ಗಳಲ್ಲಿ ಅರ್ಧ ‘ಒತ್ತಲಾ?’ ಅಂತ ಕೇಳುವುದಕ್ಕೇ ಬರುತ್ತಿರಬಹುದು, ಹಾಳೆ ನೋಡಿದರೆ ಗೊತ್ತಾಗುತ್ತದೆ.

ಉದಾಹರಣೆಗಳು ಆಪ್ಷನ್‌ಗಳಿಗಿಂತ ಮೇಲೆ ಇರಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಜನ ಮೊದಲು ಉದಾಹರಣೆ ಹುಡುಕುತ್ತಾರೆ, ಅದನ್ನು ಕಾಪಿ ಮಾಡಿ ಸಂಖ್ಯೆ ಬದಲಾಯಿಸುತ್ತಾರೆ, ಕೆಲಸ ಆಗುತ್ತದೆ, ಹೋಗುತ್ತಾರೆ. ಆರ್ಗ್‌ಪಾರ್ಸ್‌ನಲ್ಲಿ ಮೇಲೆ ಬರುವ ಮಾತಿಗೆ ಡಿಸ್ಕ್ರಿಪ್ಷನ್ ಅಂತಲೂ ಕೊನೆಗೆ ಬರುವುದಕ್ಕೆ ಎಪಿಲಾಗ್ ಅಂತಲೂ ಕರೆಯುತ್ತಾರೆ. ಉದಾಹರಣೆಗಳನ್ನು ಡಿಸ್ಕ್ರಿಪ್ಷನ್‌ನಲ್ಲೇ ಹಾಕಿ. ಹಾಗೇ ಹಾಕಿದರೆ ಅದು ನಿಮ್ಮ ಸಾಲುಗಳನ್ನೆಲ್ಲ ಒಟ್ಟು ಸೇರಿಸಿ ಒಂದೇ ಪ್ಯಾರಾ ಮಾಡಿಬಿಡುತ್ತದೆ. ಸಾಲು ಮುರಿದ ಹಾಗೇ ಉಳಿಯಬೇಕಾದರೆ ಫಾರ್ಮ್ಯಾಟರ್ ಕ್ಲಾಸ್ ಅನ್ನುವ ಜಾಗದಲ್ಲಿ ರಾ-ಡಿಸ್ಕ್ರಿಪ್ಷನ್-ಹೆಲ್ಪ್-ಫಾರ್ಮ್ಯಾಟರ್ ಅನ್ನುವುದನ್ನು ಕೊಡಬೇಕು. ಮತ್ತೆ, ಇದನ್ನು ಮುಖ್ಯ ಪಾರ್ಸರ್‌ಗೆ (ಕಮಾಂಡ್ ಓದುವ ಭಾಗಕ್ಕೆ) ಕೊಟ್ಟರೆ ಸಬ್‌ಕಮಾಂಡ್‌ಗಳಿಗೆ ತಾನಾಗಿ ಇಳಿದು ಬರುವುದಿಲ್ಲ. 11ಕ್ಕೂ ಬೇರೆ ಬೇರೆಯಾಗಿ ಕೊಡಬೇಕು. ಸಬ್‌ಕಮಾಂಡ್ ಸೇರಿಸುವುದಕ್ಕೆ ಒಂದು ಚಿಕ್ಕ ಫಂಕ್ಷನ್ ಮಾಡಿಕೊಂಡರೆ ಮರೆಯುವ ಗೊಡವೆ ಇಲ್ಲ.

ಇನ್ನೊಂದು, ತುಂಬಾ ಜನ ಎಡವುವ ಕಡೆ. ಸಬ್‌ಕಮಾಂಡ್ ಸೇರಿಸುವಾಗ ಹೆಲ್ಪ್ ಅಂತ ಒಂದು, ಡಿಸ್ಕ್ರಿಪ್ಷನ್ ಅಂತ ಒಂದು ಕೊಡಬಹುದು. ಎರಡೂ ಒಂದೇ ಅಲ್ಲ. ಹೆಲ್ಪ್ ಅಂತ ಕೊಟ್ಟದ್ದು ಬರೀ ‘ಹಾಲು --ಹೆಲ್ಪ್’ ಹೊಡೆದಾಗ ಬರುವ ಪಟ್ಟಿಯಲ್ಲಿ ಆ ಕಮಾಂಡ್‌ನ ಎದುರಿಗೆ ಬರುತ್ತದೆ. ಡಿಸ್ಕ್ರಿಪ್ಷನ್ ಬರುವುದು ‘ಹಾಲು ಬಟವಾಡೆ --ಹೆಲ್ಪ್’ ಅಂದಾಗ. ಮೊದಲನೆಯದನ್ನು ಬಿಟ್ಟರೆ ಆ ಕಮಾಂಡ್‌ಗೆ ವಿವರಣೆಯ ಸಾಲೇ ಇರುವುದಿಲ್ಲ, ಎರಡನೆಯದನ್ನು ಬಿಟ್ಟರೆ ಒಳಗಿನ ಪುಟ ಬೋಳು. ಎರಡೂ ಬರೆಯಿರಿ. ಪಟ್ಟಿಯಲ್ಲಿ ಬರುವ ಸಾಲು ಚಿಕ್ಕದಾಗಿ, ಕ್ರಿಯೆಯಿಂದ ಮುಗಿಯಲಿ: ‘ತಿಂಗಳ ಬಟವಾಡೆ ಪಟ್ಟಿ ತೆಗೆಯುತ್ತದೆ’. ‘ಬಟವಾಡೆಗೆ ಸಂಬಂಧಿಸಿದ ಕಾರ್ಯಗಳು’ ಅಂತ ಬರೆದರೆ ಏನೂ ಹೇಳಿದಂತಾಗುವುದಿಲ್ಲ.

ಕೊನೆಯಲ್ಲಿ ‘ಗೊತ್ತಿರುವ ಕೊರತೆ’ ಅಂತ ಹಾಕಿದ್ದೇನಲ್ಲ, ಅದು ನನ್ನ ಹೊಸ ಯೋಚನೆ ಅಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಬರೆದ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನ ಮೊದಲ ಕೈಪಿಡಿಯ ಮೇಲೆ 1971ರ ನವೆಂಬರ್ 3ರ ತಾರೀಖಿದೆ. ಅದರಲ್ಲಿ ಒಂದೊಂದು ಕಮಾಂಡ್‌ಗೂ ಹೆಸರು, ಬರೆಯುವ ರೀತಿ, ವಿವರಣೆ, ಇನ್ನೇನು ನೋಡಬೇಕು ಅನ್ನುವುದರ ಜೊತೆಗೆ ಬಗ್ಸ್ ಅಂತಲೇ ಒಂದು ಭಾಗ ಇತ್ತು. ತಾವು ಮಾಡಿದ್ದರಲ್ಲಿ ಏನು ಸರಿಯಿಲ್ಲ ಅನ್ನುವುದನ್ನು ತಾವೇ ಕೈಪಿಡಿಯಲ್ಲಿ ಬರೆದಿಟ್ಟರು. ಐವತ್ತು ವರ್ಷ ದಾಟಿದರೂ ಮ್ಯಾನ್ ಪುಟಗಳು (ಅಲ್ಲಿ ಕಮಾಂಡ್‌ಗಳ ಕೈಪಿಡಿಗೆ ಈಗಿನ ಹೆಸರು) ಅದೇ ಅಚ್ಚಿನಲ್ಲಿ ನಡೆಯುತ್ತಿವೆ. ನನಗೆ ಅದರಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ದರ ಬದಲಾದ ತಿಂಗಳು ಲೆಕ್ಕ ತಪ್ಪಿ ಬಂದರೆ ಅಪ್ಪ ಮೊದಲು ತಮ್ಮನ್ನೇ ಅನುಮಾನಿಸುತ್ತಾರೆ, ನಾನೇ ಏನೋ ತಪ್ಪು ಒತ್ತಿದೆ ಅಂತ. ಕೊರತೆ ಬರೆದಿದ್ದರೆ ಆ ಕಷ್ಟ ಅವರಿಗೆ ಬರುವುದಿಲ್ಲ.

ಈಗ ಹೆಲ್ಪ್ ಅನ್ನೇ ಕೆಡಿಸುವ ಒಂದೆರಡು ಸಂಗತಿ. ನಿಮ್ಮದು ಹಾಲಿನ ಟೂಲ್ ಆದ್ದರಿಂದ ಮೊದಲನೆಯದು ನಿಮಗೆ ಖಂಡಿತ ಎದುರಾಗುತ್ತದೆ. ಯಾವುದೋ ಆಪ್ಷನ್‌ನ ಹೆಲ್ಪ್‌ನಲ್ಲಿ ‘ಫ್ಯಾಟ್ 3.5% ಗಿಂತ ಕಡಿಮೆ ಇರುವವರ ಪಟ್ಟಿ’ ಅಂತ ಬರೆದಿರಿ ಅಂದುಕೊಳ್ಳಿ. ಆರ್ಗ್‌ಪಾರ್ಸ್‌ಗೆ ಹೆಲ್ಪ್ ಸಾಲಿನಲ್ಲಿ ಶೇಕಡಾ ಚಿಹ್ನೆಗೆ ಬೇರೆಯೇ ಅರ್ಥ ಇದೆ, ಡೀಫಾಲ್ಟ್ ಬೆಲೆ ತುಂಬುವ ಜಾಗ ಅದು. ಅದರ ಮುಂದೆ ‘ಗಿಂತ’ ಕಂಡರೆ ಏನು ಮಾಡಬೇಕೋ ತಿಳಿಯದೆ ಪ್ರೋಗ್ರಾಂ ಬಿದ್ದುಹೋಗುತ್ತದೆ. ಬಹಳಷ್ಟು ಪೈಥಾನ್ ಆವೃತ್ತಿಗಳಲ್ಲಿ ಬೀಳುವುದು ಯಾವಾಗ ಗೊತ್ತಾ, ಯಾರೋ --ಹೆಲ್ಪ್ ಹೊಡೆದಾಗ ಮಾತ್ರ. ಮಿಕ್ಕ ಕೆಲಸ ಎಲ್ಲ ಚೆನ್ನಾಗಿ ನಡೆಯುತ್ತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಚಿಹ್ನೆಯನ್ನು ಎರಡು ಸಲ ಬರೆದರೆ, 3.5%% ಅಂತ, ಪರದೆ ಮೇಲೆ ಒಂದೇ ಬರುತ್ತದೆ. ಅಥವಾ ‘ಶೇ. 3.5’ ಅಂತ ಬರೆಯಿರಿ, ಕನ್ನಡದಲ್ಲಿ ಅದೇ ಚಂದ.

ಎರಡನೆಯದು ನನಗೇ ಆದದ್ದು. ಹಿಂದೆ ಒಂದು ಕಡೆ ಕೆಲಸದಲ್ಲಿದ್ದಾಗ ರಾತ್ರಿ ಪಾಳಿಯವರಿಗೆ ಒಂದು ಟೂಲ್ ಬರೆದುಕೊಟ್ಟಿದ್ದೆ. ಹೆಲ್ಪ್ ಬಹಳ ಮನಸ್ಸಿಟ್ಟು ಬರೆದಿದ್ದೆ, ಸೆಟ್ಟಿಂಗ್ಸ್ ಫೈಲ್ ಕಳೆದುಹೋದರೆ ಏನು ಮಾಡಬೇಕು ಅನ್ನುವುದೂ ಅದರಲ್ಲಿತ್ತು. ಒಂದು ರಾತ್ರಿ ನಿಜವಾಗಿಯೂ ಆ ಫೈಲ್ ಕಾಣೆಯಾಯಿತು. ಪಾಳಿಯಲ್ಲಿದ್ದ ಹುಡುಗ ಬುದ್ಧಿವಂತ, ತಕ್ಷಣ --ಹೆಲ್ಪ್ ಹೊಡೆದ. ಬರಲಿಲ್ಲ. ಯಾಕೆಂದರೆ ನನ್ನ ಕೋಡ್ ಎಲ್ಲಕ್ಕಿಂತ ಮೊದಲು ಸೆಟ್ಟಿಂಗ್ಸ್ ಫೈಲ್ ಓದುತ್ತಿತ್ತು, ಡೇಟಾಬೇಸ್ ಕನೆಕ್ಷನ್ ತೆಗೆಯುತ್ತಿತ್ತು, ಆಮೇಲೆ ಏನು ಕಮಾಂಡ್ ಕೊಟ್ಟಿದ್ದಾರೆ ಅಂತ ನೋಡುತ್ತಿತ್ತು. ಫೈಲ್ ಇಲ್ಲದಿದ್ದರೆ ಏನು ಮಾಡಬೇಕು ಅನ್ನುವ ಮಾತು ಫೈಲ್ ಇದ್ದಾಗ ಮಾತ್ರ ಓದುವುದಕ್ಕೆ ಸಿಗುತ್ತಿತ್ತು. ಎರಡು ಗಂಟೆ ರಾತ್ರಿಗೆ ಫೋನ್ ಬಂತು, ಆ ಹುಡುಗನ ದನಿ ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ನನ್ನದು ಒಂದೇ ನಿಯಮ: ಮೊದಲು ಕಮಾಂಡ್ ಓದು, ಹೆಲ್ಪ್ ಕೇಳಿದ್ದರೆ ಕೊಟ್ಟು ಮುಗಿಸು, ಆಮೇಲೆ ಮಿಕ್ಕಿದ್ದು. ಪಾಂಡಾಸ್‌ನಂಥ ದೊಡ್ಡ ಲೈಬ್ರರಿ ಬಳಸುತ್ತಿದ್ದರೆ ಅದನ್ನೂ ಬೇಕಾದ ಫಂಕ್ಷನ್ನಿನ ಒಳಗೆ ಇಂಪೋರ್ಟ್ ಮಾಡಿ. ಸಂಘದ ಹಳೇ ಲ್ಯಾಪ್‌ಟಾಪ್‌ನಲ್ಲಿ ಹೆಲ್ಪ್ ಬರುವುದಕ್ಕೆ ನಾಲ್ಕೈದು ಸೆಕೆಂಡ್ ಹಿಡಿದರೆ ಎರಡನೇ ಸಲ ಯಾರೂ ಕೇಳುವುದಿಲ್ಲ.

ಈ ಎರಡಕ್ಕೂ ಸೇರಿ ಒಂದು ಟೆಸ್ಟ್ ಬರೆಯಿರಿ. 11 ಸಬ್‌ಕಮಾಂಡ್‌ಗೂ ಒಂದೊಂದಾಗಿ --ಹೆಲ್ಪ್ ಕೊಟ್ಟು ನೋಡಬೇಕು, ಸೆಟ್ಟಿಂಗ್ಸ್ ಫೈಲ್ ಇಲ್ಲದ ಖಾಲಿ ಫೋಲ್ಡರ್‌ನಲ್ಲಿ. ಪ್ರತಿ ಸಲವೂ ಎಕ್ಸಿಟ್ ಕೋಡ್ 0 (ತೊಂದರೆಯಿಲ್ಲದೆ ಮುಗಿಯಿತು ಅನ್ನುವ ಗುರುತು) ಬರಬೇಕು, ‘ಹೀಗೆ ಬಳಸಿ’ ಅನ್ನುವ ಸಾಲು ಇರಬೇಕು. ಹತ್ತು ಸಾಲಿನ ಟೆಸ್ಟ್ ಅಷ್ಟೇ. ಉದಾಹರಣೆಗಳನ್ನೂ ಆ ಟೆಸ್ಟ್‌ನಲ್ಲಿ ನಿಜವಾಗಿ ಓಡಿಸಿದರೆ ಇನ್ನೂ ಒಳ್ಳೆಯದು. ಆಪ್ಷನ್ ಹೆಸರು ಬದಲಾಯಿಸಿ ಉದಾಹರಣೆ ಹಾಗೇ ಬಿಡುವುದು ಎಲ್ಲರಿಂದಲೂ ಆಗುವ ತಪ್ಪು. ಕಾಪಿ ಮಾಡಿ ಹಾಕಿದ ಉದಾಹರಣೆಯೇ ಓಡದಿದ್ದರೆ ಆಮೇಲೆ ಆ ಹೆಲ್ಪ್‌ನಲ್ಲಿ ಯಾವ ಮಾತನ್ನೂ ಜನ ನಂಬುವುದಿಲ್ಲ.

ಕೇಳಿದ್ದಕ್ಕೆ ಕೊಟ್ಟ ಹೆಲ್ಪ್ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೋಗಬೇಕು, ತಪ್ಪಾದಾಗ ಬರುವ ಮಾತು ಸ್ಟ್ಯಾಂಡರ್ಡ್ ಎರರ್‌ಗೆ. ಎರಡೂ ಪರದೆಗೇ ಬಂದರೂ ದಾರಿ ಬೇರೆ ಬೇರೆ, ಫೈಲ್‌ಗೆ ಬರೆಸಿದಾಗ ಅದಕ್ಕೆ ಹೋಗುವುದು ಮೊದಲನೆಯದು. ಮುಕ್ತ ತಂತ್ರಾಂಶ ಬರೆಯುವ ಗ್ನೂ ಪ್ರಾಜೆಕ್ಟ್‌ನ ಕೋಡಿಂಗ್ ನಿಯಮಗಳಲ್ಲೂ --ಹೆಲ್ಪ್ ಹೀಗೇ ಇರಬೇಕು ಅಂತ ಇದೆ. ಆರ್ಗ್‌ಪಾರ್ಸ್ ಇದನ್ನು ತಾನೇ ಸರಿಯಾಗಿ ಮಾಡುತ್ತದೆ, ಎರರ್ ಆದರೆ ಎಕ್ಸಿಟ್ ಕೋಡ್ 2 ಕೊಡುತ್ತದೆ. ನೀವು ಕೈಯಾರೆ ಪ್ರಿಂಟ್ ಮಾಡುವ ಕಡೆ ಮಾತ್ರ ಗಮನ ಇರಲಿ. ಇಲ್ಲದಿದ್ದರೆ ಪಟ್ಟಿಯನ್ನು ಫೈಲ್‌ಗೆ ಬರೆಸಿಕೊಂಡವರಿಗೆ ಲೆಕ್ಕದ ಬದಲು ಬೈಗುಳ ಸಿಗುತ್ತದೆ.

ಜನ ಹೆಲ್ಪ್ ಅನ್ನು ಹೇಗೆ ಕೇಳಿದರೂ ಕೊಡಿ. ವಿಂಡೋಸ್‌ನಲ್ಲಿ ಹಳಬರಿಗೆ /? ಅಭ್ಯಾಸ, 1991ರಲ್ಲಿ ಬಂದ ಎಂಎಸ್-ಡಾಸ್ 5ರಿಂದ ಅದು ಕೈಗೆ ಕೂತಿದೆ. ಕೆಲವರು ‘ಹಾಲು ಹೆಲ್ಪ್’ ಅನ್ನುತ್ತಾರೆ, ಕೆಲವರು ‘ಹಾಲು ಹೆಲ್ಪ್ ಬಟವಾಡೆ’, ಇನ್ನು ಕೆಲವರು ‘ಹಾಲು ಬಟವಾಡೆ ಹೆಲ್ಪ್’. ಪಾರ್ಸರ್‌ಗೆ ಕೊಡುವ ಮೊದಲು ಇವನ್ನೆಲ್ಲ ನೋಡಿ --ಹೆಲ್ಪ್‌ಗೆ ತಿರುಗಿಸುವುದು ಏಳೆಂಟು ಸಾಲಿನ ಕೆಲಸ. ಬರೀ ‘ಹಾಲು’ ಅಂತ ಹೊಡೆದು ಎಂಟರ್ ಒತ್ತಿದರೂ ಅಷ್ಟೇ. ಪೈಥಾನ್ 3ರಲ್ಲಿ ಸಬ್‌ಕಮಾಂಡ್ ಕೊಡದಿದ್ದರೆ ಆರ್ಗ್‌ಪಾರ್ಸ್ ಸುಮ್ಮನೆ ಮುಂದೆ ಹೋಗುತ್ತದೆ, ಆಮೇಲೆ ನಿಮ್ಮ ಕೋಡ್ ಎಲ್ಲೋ ಆಟ್ರಿಬ್ಯೂಟ್ ಎರರ್ ಅಂತ ಬೀಳುತ್ತದೆ, ಮೇಲೆ ಹೇಳಿದ ‘ಏನೋ ಕೆಂಪಗೆ ಬಂತು’ ಥರದ ಫೋನ್‌ಗಳಲ್ಲಿ ಒಂದೆರಡು ಇದೇ ಇರಬಹುದು. ಏನೂ ಕೊಡದಿದ್ದಾಗ ಪಟ್ಟಿ ತೋರಿಸಿಬಿಡಿ.

ಆ ಪಟ್ಟಿಯನ್ನು ಅಕ್ಷರ ಕ್ರಮದಲ್ಲಿ ಜೋಡಿಸಬೇಡಿ. ಸಂಘದಲ್ಲಿ ಕೆಲಸ ನಡೆಯುವ ಕ್ರಮದಲ್ಲಿ ಜೋಡಿಸಿ: ಮೊದಲು ದಿನದ ಫೈಲ್ ಒಳಗೆ ತರುವುದು, ತಪ್ಪು ತಿದ್ದುವುದು, ದರ, ಆಮೇಲೆ ಬಟವಾಡೆ, ಕೊನೆಗೆ ಬ್ಯಾಕಪ್‌ನಂಥ ಅಪರೂಪದ ಕೆಲಸ. ನಿಮಗೆ ಮಾತ್ರ ಬೇಕಾದ ಆಪ್ಷನ್ ಇದ್ದರೆ ಅದರ ಹೆಲ್ಪ್‌ಗೆ ಸಪ್ರೆಸ್ ಅಂತ ಕೊಡಿ, ಪಟ್ಟಿಯಲ್ಲಿ ಕಾಣುವುದಿಲ್ಲ, ಕೆಲಸ ಮಾಡುತ್ತದೆ. ಒಟ್ಟು 24 ಸಾಲಿನೊಳಗೆ ಮುಗಿಯಲಿ. ಹಳೆಯ ವಿಟಿ100 ಟರ್ಮಿನಲ್‌ನ ಅಳತೆ ಅದು, 80 ಅಕ್ಷರ ಅಗಲ 24 ಸಾಲು, ಈಗಲೂ ಚಿಕ್ಕ ಕಿಟಕಿ ತೆರೆದರೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮೇಲಕ್ಕೆ ಓಡಿಹೋದ ಸಾಲನ್ನು ಸ್ಕ್ರಾಲ್ ಮಾಡಿ ನೋಡುವುದು ಎಲ್ಲರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಇಪ್ಪತ್ತು ಪುಟದ ರೀಡ್‌ಮಿ ಏನಾಗಬೇಕು? ಅದರಲ್ಲಿ ಯಾವ ಒಂದು ಕಮಾಂಡ್‌ಗೂ ಸೇರದ ವಿಷಯಗಳಿರುತ್ತವೆ ಅಲ್ವಾ, ದರಪಟ್ಟಿ ಹೇಗೆ ಕೆಲಸ ಮಾಡುತ್ತದೆ, ಬೆಳಿಗ್ಗೆ ಸಂಜೆಯ ಲೆಕ್ಕ ಹೇಗೆ ಸೇರುತ್ತದೆ ಅಂತ. ಅವನ್ನು ವಿಷಯಗಳಾಗಿ ಒಡೆದು ‘ಹಾಲು ಹೆಲ್ಪ್ ದರಪಟ್ಟಿ’ ಅಂದರೆ ಸಿಗುವ ಹಾಗೆ ಮಾಡಿ. ಕೋಡ್‌ನ ಆವೃತ್ತಿಗಳನ್ನು ಕಾಪಾಡುವ ಗಿಟ್ ಟೂಲ್‌ನಲ್ಲಿ ‘ಗಿಟ್ ಹೆಲ್ಪ್ -ಜಿ’ ಅಂದರೆ ಇಂಥ ಮಾರ್ಗದರ್ಶಿಗಳ ಪಟ್ಟಿ ಬರುತ್ತದೆ. ಗಿಟ್‌ನಲ್ಲೇ ಇನ್ನೊಂದು ಒಳ್ಳೆಯ ಪದ್ಧತಿ ಇದೆ: ಯಾವುದೇ ಕಮಾಂಡ್‌ಗೆ -ಎಚ್ ಕೊಟ್ಟರೆ ಅಲ್ಲೇ ಚಿಕ್ಕದಾಗಿ ಹೇಳುತ್ತದೆ, --ಹೆಲ್ಪ್ ಕೊಟ್ಟರೆ ಪೂರ್ತಿ ಕೈಪಿಡಿ ತೆರೆಯುತ್ತದೆ. ನಿಮ್ಮ ಟೂಲ್‌ಗೆ ಅಷ್ಟೆಲ್ಲ ಬೇಕಾಗಿಲ್ಲ. ಎರಡು ಹಂತ ಇದ್ದರೆ ಯಾವುದರಲ್ಲಿ ಏನಿದೆ ಅಂತ ಅಪ್ಪನಿಗೆ ಇನ್ನೊಂದು ಪಾಠ ಹೇಳಬೇಕಾಗುತ್ತದೆ.

ಕನ್ನಡದ ಪ್ರಶ್ನೆಗೆ ಬರುತ್ತೇನೆ. ಖಂಡಿತ ಕನ್ನಡದಲ್ಲೇ ಬರೆಯಿರಿ. ಲೆಕ್ಕ ಕನ್ನಡದಲ್ಲಿ, ಮಾತು ಕನ್ನಡದಲ್ಲಿ, ಸಿಕ್ಕಿಹಾಕಿಕೊಂಡಾಗ ಮಾತ್ರ ಇಂಗ್ಲಿಷ್ ಅಂದರೆ ಅದು ಸಹಾಯವೇ ಅಲ್ಲ. ಆದರೆ ಕಮಾಂಡ್, ಆಪ್ಷನ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ, ಪದ ಕನ್ನಡದ್ದೇ ಆಗಬಹುದು. ಒಂದು ಸಾಲು ಹೊಡೆಯುವುದರೊಳಗೆ ಕೀಬೋರ್ಡ್ ಭಾಷೆಯನ್ನು ನಾಲ್ಕು ಸಲ ಬದಲಾಯಿಸುವುದು ಯಾರಿಗೂ ಆಗದ ಕೆಲಸ. ಇನ್ನೊಂದು ಕಾರಣ ಅಕ್ಷರದ ಅಗಲ. ‘ಕಾರ್ಯದರ್ಶಿ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಹತ್ತು. ಆರ್ಗ್‌ಪಾರ್ಸ್ ಹತ್ತು ಅಂತಲೇ ಎಣಿಸಿ ಕಾಲಂ ಜೋಡಿಸುತ್ತದೆ. ಎಡಗಡೆ ಕಾಲಂನಲ್ಲಿ ಕನ್ನಡ ಹಾಕಿದರೆ ಸಾಲುಗಳು ಸೊಟ್ಟಗಾಗುತ್ತವೆ. ವಿವರಣೆ ಬರುವ ಬಲಗಡೆ ಕಾಲಂನಲ್ಲಿ ತೊಂದರೆ ಇಲ್ಲ, ಸಾಲು ಸ್ವಲ್ಪ ಬೇಗ ಮುರಿಯುತ್ತದೆ ಅಷ್ಟೇ. ಕೆಲವು ಟರ್ಮಿನಲ್‌ಗಳು ಒತ್ತಕ್ಷರವನ್ನು ಬಿಡಿಸಿ ತೋರಿಸುತ್ತವೆ, ಹಾಗಾಗಿ ಸಂಘದ ಲ್ಯಾಪ್‌ಟಾಪ್‌ನಲ್ಲೇ ಒಮ್ಮೆ ಕಣ್ಣಾರೆ ನೋಡಿ, ಬೇಕಾದರೆ ಒತ್ತಕ್ಷರ ಕಡಿಮೆ ಇರುವ ಪದ ಆರಿಸಿಕೊಳ್ಳಿ.

ವಿಂಡೋಸ್‌ನಲ್ಲಿ ಪರದೆ ಮೇಲೆ ಕನ್ನಡ ಸರಿಯಾಗಿ ಬಂದು, ಅದನ್ನೇ ಫೈಲ್‌ಗೆ ಕಳಿಸಿದಾಗ ಯೂನಿಕೋಡ್ ಎನ್‌ಕೋಡ್ ಎರರ್ ಬರಬಹುದು. ಪರದೆಗೆ ಬರೆಯುವಾಗ ಪೈಥಾನ್ ಯೂನಿಕೋಡ್ ಬಳಸುತ್ತದೆ, ಫೈಲ್‌ಗೆ ಹೋಗುವಾಗ ವಿಂಡೋಸ್‌ನ ಹಳೆಯ ಕೋಡ್ ಪೇಜ್ (ಅಕ್ಷರಗಳ ಪಟ್ಟಿ) ಹಿಡಿಯುತ್ತದೆ, ಅದರಲ್ಲಿ ಕನ್ನಡ ಇಲ್ಲ. ಪ್ರೋಗ್ರಾಂನ ಮೊದಲಲ್ಲೇ ಸ್ಟ್ಯಾಂಡರ್ಡ್ ಔಟ್‌ಪುಟ್ ಅನ್ನು ರೀಕಾನ್ಫಿಗರ್ ಮಾಡಿ ಯುಟಿಎಫ್-8 ಅಂತ ಕೊಡಿ, ಪೈಥಾನ್ 3.7ರಿಂದ ಆಗುತ್ತದೆ. ಸ್ಟ್ಯಾಂಡರ್ಡ್ ಎರರ್‌ಗೂ ಅದೇ ಮಾಡಿ.

ಆರ್ಗ್‌ಪಾರ್ಸ್ ತಾನೇ ಸೇರಿಸುವ ‘ಯೂಸೇಜ್’, ‘ಆಪ್ಷನ್ಸ್’ ಅನ್ನುವ ತಲೆಬರಹಗಳು ಇಂಗ್ಲಿಷ್‌ನಲ್ಲಿರುತ್ತವೆ. ಅದು ತನ್ನ ಮಾತುಗಳನ್ನೆಲ್ಲ ಗೆಟ್‌ಟೆಕ್ಸ್ಟ್ ಅನ್ನುವ ಅನುವಾದದ ಸೌಲಭ್ಯದ ಮೂಲಕ ಕಳಿಸುವುದರಿಂದ ಪೂರ್ತಿ ಅನುವಾದ ಮಾಡಬಹುದು. ನಿಮಗೆ ಅದಕ್ಕಿಂತ ಸುಲಭದ ದಾರಿ ಇದೆ: ತಾನಾಗಿ ಬರುವ ಹೆಲ್ಪ್ ಆಪ್ಷನ್ ಬೇಡ ಅಂತ ಹೇಳಿ, ಅದನ್ನು ನೀವೇ ಕನ್ನಡ ವಿವರಣೆಯ ಜೊತೆ ಸೇರಿಸಿ, ಆಪ್ಷನ್‌ಗಳನ್ನೆಲ್ಲ ನಿಮ್ಮದೇ ತಲೆಬರಹ ಇರುವ ಗುಂಪುಗಳಲ್ಲಿ ಹಾಕಿ. ‘ದಿನಾ ಬೇಕಾಗುವುದು’, ‘ಅಪರೂಪಕ್ಕೆ’ ಅಂತ ಎರಡು ಗುಂಪು ಸಾಕು. ಡೀಫಾಲ್ಟ್ ಬೆಲೆಯನ್ನು ತಾನೇ ತೋರಿಸುವ ಫಾರ್ಮ್ಯಾಟರ್ ಒಂದಿದೆ, ಆದರೆ ಅದು ‘ಡೀಫಾಲ್ಟ್’ ಅನ್ನುವ ಇಂಗ್ಲಿಷ್ ಪದ ಸೇರಿಸುತ್ತದೆ. ‘ಕೊಡದಿದ್ದರೆ ಹೋದ ತಿಂಗಳದ್ದು’ ಅಂತ ನೀವೇ ಬರೆದರೆ ಓದುವವರಿಗೆ ಹಿತ.

ಟೂಲ್‌ನ ಯಾವ ಆವೃತ್ತಿ ಅಂತ ತೋರಿಸುವ --ವರ್ಷನ್ ಕೂಡ ಮರೆಯಬೇಡಿ. ಮೂರು ಊರಲ್ಲಿ ಮೂರು ಪ್ರತಿ ಇದೆ, ಫೋನ್ ಬಂದಾಗ ಮೊದಲು ಕೇಳಬೇಕಾದ್ದು ಅದನ್ನೇ.

ಕೊನೆಗೆ ಆ ‘ಹಾಲು ಶೆಲ್’. ಇದನ್ನು, ಇಂಥ ಶೆಲ್‌ಗೆಂದೇ ಇರುವ ಪೈಥಾನ್‌ನ ಸಿಎಂಡಿ ಮಾಡ್ಯೂಲ್‌ನಲ್ಲಿ ಬರೆದಿದ್ದರೆ ಹೆಲ್ಪ್ ಅರ್ಧ ಆಗಲೇ ಇದೆ. ಒಂದೊಂದು ಕಮಾಂಡ್‌ನ ಫಂಕ್ಷನ್‌ಗೂ ನೀವು ಬರೆದ ಡಾಕ್‌ಸ್ಟ್ರಿಂಗ್ (ಫಂಕ್ಷನ್ನಿನ ಮೊದಲಲ್ಲಿ ಬರುವ ವಿವರಣೆ) ಅದರ ಹೆಲ್ಪ್ ಆಗುತ್ತದೆ, ‘ಹೆಲ್ಪ್’ ಅಂದರೂ ? ಒತ್ತಿದರೂ ಪಟ್ಟಿ ಬರುತ್ತದೆ, ಡಾಕ್‌ಸ್ಟ್ರಿಂಗ್ ಇಲ್ಲದವು ‘ಅನ್‌ಡಾಕ್ಯುಮೆಂಟೆಡ್’ ಅಂತ ಬೇರೆಯಾಗಿ ಕಾಣುತ್ತವೆ. ಆ ಎರಡನೇ ಪಟ್ಟಿ ಖಾಲಿ ಆಗುವವರೆಗೆ ನಿಮ್ಮ ಕೆಲಸ ಮುಗಿದಿಲ್ಲ. ಆದರೆ ಒಂದೇ ಮಾತನ್ನು ಎರಡು ಕಡೆ ಬರೆಯಬೇಡಿ, ಒಂದು ತಿದ್ದಿ ಇನ್ನೊಂದು ಮರೆಯುತ್ತೀರಿ. ಶೆಲ್‌ನ ಹೆಲ್ಪ್ ಫಂಕ್ಷನ್ ಆ ಕಮಾಂಡ್‌ನ ಆರ್ಗ್‌ಪಾರ್ಸ್ ಹೆಲ್ಪ್ ಅನ್ನೇ ಪ್ರಿಂಟ್ ಮಾಡಲಿ. ಆರ್ಗ್‌ಪಾರ್ಸ್ ತಪ್ಪು ಕಂಡಾಗ ಪ್ರೋಗ್ರಾಂನಿಂದಲೇ ಹೊರಗೆ ಹೋಗುತ್ತದೆ, ಹೆಲ್ಪ್ ಕೊಟ್ಟ ಮೇಲೂ ಹಾಗೇ. ಶೆಲ್ ಒಳಗೆ ಒಂದು ಅಕ್ಷರ ತಪ್ಪಿದರೆ ಶೆಲ್ಲೇ ಮುಚ್ಚಿಹೋಗುತ್ತದೆ. ಹೊರಗೆ ಹೋಗುವಾಗ ಅದು ಎಸೆಯುವ ಸಿಸ್ಟಂ ಎಕ್ಸಿಟ್ ಅನ್ನು ಹಿಡಿದು ಒಳಗೇ ಉಳಿಸಿಕೊಳ್ಳಿ.

ಸಿಸ್ಕೋ ರೂಟರ್‌ಗಳಲ್ಲಿ ಕೆಲಸ ಮಾಡಿದವರನ್ನು ಕೇಳಿ ನೋಡಿ: ಅಲ್ಲಿ ಕಮಾಂಡ್ ಅರ್ಧ ಹೊಡೆದು ? ಒತ್ತಿದರೆ ಮುಂದೆ ಏನೇನು ಬರಬಹುದು ಅಂತ ಅಲ್ಲೇ ತೋರಿಸುತ್ತದೆ, ಹೊಡೆದದ್ದು ಹಾಗೇ ಉಳಿದಿರುತ್ತದೆ. ಒಳ್ಳೆಯ ಹೆಲ್ಪ್ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಅದನ್ನೇ. ನಿಮ್ಮ ಶೆಲ್‌ನಲ್ಲಿ ಅಷ್ಟು ಆಗದಿದ್ದರೂ ‘ಬಟವಾಡೆ ?’ ಅಂತ ಹೊಡೆದವರಿಗೆ ಬಟವಾಡೆಯ ಪುಟ ಬರುವ ಹಾಗೆ ಮಾಡಬಹುದು.

ಇನ್ನೊಂದು ಇದೆ, ಇದು ಹೆಲ್ಪ್‌ಗೆ ನೇರ ಸೇರಿದ್ದಲ್ಲ, ಆದರೂ ಹೇಳಲೇಬೇಕು. ಸಿಎಂಡಿ ಮಾಡ್ಯೂಲ್‌ನಲ್ಲಿ ಏನೂ ಹೊಡೆಯದೆ ಬರೀ ಎಂಟರ್ ಒತ್ತಿದರೆ ಹಿಂದಿನ ಕಮಾಂಡ್ ಮತ್ತೆ ಓಡುತ್ತದೆ. ಅದರ ಸಹಜ ನಡವಳಿಕೆಯೇ ಹಾಗೆ. ದಾರಿ ತಿಳಿಯದೆ ಕೂತವರು ಮೊದಲು ಮಾಡುವುದೇ ಎರಡು ಮೂರು ಸಲ ಎಂಟರ್ ಒತ್ತುವುದು. ಹಿಂದಿನ ಕಮಾಂಡ್ ದಿನದ ಫೈಲ್ ಒಳಗೆ ತರುವಂಥದ್ದು ಆಗಿದ್ದರೆ ಒಂದೇ ದಿನದ ಹಾಲು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಎಂಪ್ಟಿಲೈನ್ ಅನ್ನುವ ಫಂಕ್ಷನ್ ಅನ್ನು ನಿಮ್ಮ ಕ್ಲಾಸ್‌ನಲ್ಲಿ ಮತ್ತೆ ಬರೆದು, ‘ಏನು ಮಾಡಬೇಕು ತಿಳಿಯದಿದ್ದರೆ ? ಒತ್ತಿ’ ಅಂತ ಒಂದು ಸಾಲು ತೋರಿಸುವ ಹಾಗೆ ಮಾಡಿ. ಮಿಕ್ಕಿದ್ದನ್ನೆಲ್ಲ ನಿಧಾನಕ್ಕೆ ಮಾಡಿದರೂ ಆಗುತ್ತದೆ, ಇದನ್ನು ಮಾತ್ರ ಇವತ್ತೇ ಸರಿ ಮಾಡಿ ಮೂರೂ ಊರಿಗೆ ಕಳಿಸಿಬಿಡಿ.